ಉಸಿರಿನ ದಾರಿಯಲ್ಲಿ ಮಿಲ್ರಿನೋನ್: ನಮ್ಮ ಐಸಿಯು ಅನುಭವ

ಹಾಸನದಲ್ಲಿ ಹೃದಯದ ಆಪರೇಷನ್‌ಗಳಿಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಮಲೆನಾಡಿನ ಕಡೆಯಿಂದ ಬರುವ ಮೈಟ್ರಲ್ ವಾಲ್ವ್ (ಹೃದಯದ ಎಡಗಡೆಯ ಕವಾಟ) ಪೇಷೆಂಟುಗಳಲ್ಲಿ ಹಲವರು ತಡವಾಗಿಯೇ ಬರುತ್ತಾರೆ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ವಾಲ್ವ್ ಕೆಟ್ಟಿರುತ್ತದೆ. ಆಮೇಲೆ ‘ಸುಮ್ನೆ ಸುಸ್ತು’ ಅಂತ ವರ್ಷಗಟ್ಟಲೆ ದೂಡಿರುತ್ತಾರೆ. ಅಷ್ಟರಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿರುತ್ತದೆ. ಹೊಸ ವಾಲ್ವ್ ಕೂರಿಸಿದ ಕೂಡಲೇ ಅದು ಪೂರ್ತಿ ಇಳಿಯಲ್ಲ.

ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ದುಡಿಯುವ ಹೆಂಗಸೊಬ್ಬರಿಗೆ ಆಗಿದ್ದೂ ಇದೇ. ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಬೈಪಾಸ್ ಮಷಿನ್‌ನಿಂದ ಬಿಡಿಸುತ್ತಿದ್ದಂತೆ ಸಿವಿಪಿ (ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳದ ಒತ್ತಡ) ಏರಿತು, ಬಿಪಿ ಕುಸಿಯಿತು. ಎಕೋದಲ್ಲಿ ನೋಡಿದರೆ ಹೃದಯದ ಬಲ ಕೋಣೆ ಉಬ್ಬಿ, ನಡುಗೋಡೆಯನ್ನು ಎಡಕ್ಕೆ ತಳ್ಳುತ್ತಿತ್ತು. ಈ ಹೊತ್ತಲ್ಲಿ ಬಿಪಿ ಕಡಿಮೆ ಅಂತ ಸಲೈನ್ ಸುರಿದರೆ ಕೆಟ್ಟಿತು. ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಔಷಧ) ಶುರು ಮಾಡಿದೆವು. ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್, ಮೈ ಬಿಸಿ ಎಲ್ಲ ಸರಿ ಮಾಡಿಕೊಂಡೆವು.

ಹೃದಯದ ಬಡಿತಕ್ಕೆ ಬಲ ಕೊಟ್ಟು ರಕ್ತನಾಳ ಹಿಗ್ಗಿಸುವ ಮಿಲ್ರಿನೋನ್ ಒಳ್ಳೆಯ ಔಷಧವೇ. ಆದರೆ ಡ್ರಿಪ್‌ನಲ್ಲಿ ಕೊಟ್ಟರೆ ಇಡೀ ಮೈಯ ರಕ್ತನಾಳ ಹಿಗ್ಗಿ ಬಿಪಿ ಇನ್ನೂ ಬೀಳಬಹುದು. ಅದನ್ನೇ ಹಬೆ ಮಾಡಿ ಉಸಿರಿಗೆ ಸೇರಿಸುವ ನೆಬ್ಯುಲೈಜರ್‌ನಲ್ಲಿ ಕೊಟ್ಟರೆ ಹೆಚ್ಚಿನ ಕೆಲಸ ಶ್ವಾಸಕೋಶದಲ್ಲಿ ಗಾಳಿ ತಲುಪುವ ಕಡೆಯೇ ಆಗುತ್ತದೆ. ಇಂಜೆಕ್ಷನ್ನನ್ನು ಹೀಗೆ ಬಳಸುವುದು ಲೇಬಲ್‌ನಲ್ಲಿ ಇಲ್ಲ. ಹಾಗಾಗಿ ಮನೆಯವರಿಗೆ ಮೊದಲೇ ಹೇಳಿರುತ್ತೇವೆ.

ಒಂದು ಎಂಎಲ್‌ಗೆ 1 ಮಿಲಿಗ್ರಾಂ ಇರುವ ಇಂಜೆಕ್ಷನ್ನನ್ನು ನೀರು ಬೆರೆಸದೆ 5 ಎಂಎಲ್ ಹಾಕಿದೆವು. ಸಣ್ಣ ಜಾಲರಿ ನಡುಗಿಸಿ ಔಷಧ ಹನಿಸುವ ಮೆಶ್ ನೆಬ್ಯುಲೈಜರೇ ಬೇಕು ಅನ್ನುವುದು ನನ್ನ ಹಟ. ಗಾಳಿಯ ಒತ್ತಡದಿಂದ ಓಡುವ ಜೆಟ್ ಆದರೆ ಹೊರಗಿನ ಗಾಳಿಯೂ ಸೇರಿ ವೆಂಟಿಲೇಟರ್‌ನ ಲೆಕ್ಕ ತಪ್ಪುತ್ತದೆ. ನೆಬ್ಯುಲೈಜರ್ ಕಪ್ಪನ್ನು ಉಸಿರು ಒಳಗೆ ಹೋಗುವ ಪೈಪಿಗೇ ಕೂರಿಸಬೇಕು. ಟ್ಯೂಬಿನ ಬಾಯಲ್ಲಿರುವ, ಉಸಿರಿನ ತೇವ-ಬಿಸಿ ಹಿಡಿದಿಡುವ ಎಚ್‌ಎಂಇ ಫಿಲ್ಟರ್ ತೆಗೆಯಬೇಕು, ಇಲ್ಲದಿದ್ದರೆ ಔಷಧವೆಲ್ಲ ಅದರಲ್ಲೇ ಉಳಿಯುತ್ತದೆ. ಉಸಿರು ವಾಪಸ್ ಬರುವ ಕಡೆ ಬೇರೆ ಫಿಲ್ಟರ್ ಇರಬೇಕು. ಅದು ಒದ್ದೆಯಾದರೆ ಉಸಿರು ಹೊರಗೆ ಹೋಗುವುದು ಕಷ್ಟ. ‘ಸರ್, ಫಿಲ್ಟರ್ ಭಾರ ಆಗಿದೆ’ ಅಂತ ಸಿಸ್ಟರ್ ಕೈಯಲ್ಲಿ ತೂಗಿ ಹೇಳಿದ್ದರು. ಅಲಾರಂ ಇನ್ನೂ ಕೂಗಿರಲಿಲ್ಲ!

ಮೆಲ್ಲಗೆ ಸಿವಿಪಿ ಇಳಿಯಿತು. ಇದರ ಪರಿಣಾಮ ಜಾಸ್ತಿ ಹೊತ್ತು ಇರಲ್ಲ, ರಾತ್ರಿ ಮತ್ತೆ ಕೊಟ್ಟೆವು. ಉಸಿರಿನ ಜೊತೆ ಕೊಡುವ ನೈಟ್ರಿಕ್ ಆಕ್ಸೈಡ್ ಅನಿಲ ಇದಕ್ಕಿಂತ ಚುರುಕು, ನಿಜ. ಆದರೆ ಸಿಲಿಂಡರ್, ಅಳೆದು ಬಿಡುವ ಮಷಿನ್, ಮೆಟ್‌ಹಿಮೋಗ್ಲೋಬಿನ್ (ಆಕ್ಸಿಜನ್ ಒಯ್ಯಲಾಗದ ಹಿಮೋಗ್ಲೋಬಿನ್) ಮೇಲೆ ಕಣ್ಣು, ಎಲ್ಲ ಬೇಕು. ಅದನ್ನು ತಟ್ಟನೆ ನಿಲ್ಲಿಸಿದರೆ ಒತ್ತಡ ಮತ್ತೆ ಜಿಗಿಯುತ್ತದೆ.

ವೆಂಟಿಲೇಟರ್ ತೆಗೆದ ಮೇಲೆ ಮಗ ಕೇಳಿದ: ‘ಡಾಕ್ಟ್ರೇ, ಈ ಹಬೆ ಮಷಿನ್ ಮನೆಗೂ ತಗೋಬೇಕಾ?’ ‘ಬೇಡಪ್ಪ. ರಕ್ತ ತೆಳುವಾಗೋ ಮಾತ್ರೆ ಮಾತ್ರ ತಪ್ಪಿಸಬೇಡಿ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅಂತ ನೋಡೋ ಐಎನ್‌ಆರ್ ಟೆಸ್ಟಿಗೆ ಬನ್ನಿ’ ಅಂದೆ.