ಕಲ್ಲಿನ ರಂಜಣಿಗೆಗಳನ್ನು ನೋಡಲು ನಿಘೋಜಕ್ಕೆ ಹೋಗುವುದು ಹೇಗೆ?

ರವಿವಾರ ಬಂತೆಂದರೆ ಪುಣೆಯ ಜನ ಲೋಣಾವಳ, ಸಿಂಹಗಡದ ದಾರಿ ಹಿಡಿಯುತ್ತಾರೆ. ಮುಂದಿನ ಸಲ ನೀವು ನಾಲ್ಕೈದು ಗೆಳೆಯರು ಸೇರಿ ಈಶಾನ್ಯಕ್ಕೆ ಹೊರಡಿ. ಸುಮಾರು 90 ಕಿ.ಮೀ. ದೂರದ ನಿಘೋಜದಲ್ಲಿ ಕುಕಡಿ ನದಿ ಕರಿಗಲ್ಲನ್ನು ಕೊರೆದು ಕಮರಿ ಮಾಡಿಕೊಂಡಿದೆ. ಅಲ್ಲಿನ ಕುಳಿಗಳಿಗೆ ಮರಾಠಿಯಲ್ಲಿ ‘ರಾಂಜಣಖಳಗೆ’ ಎಂಬ ಹೆಸರು. ರಾಂಜಣ ಎಂದರೆ ಧಾರವಾಡದ ಕಡೆಯವರ ರಂಜಣಿಗೆಯೇ, ನೀರು ತುಂಬಿಡುವ ದೊಡ್ಡ ಗುಡಾಣ. ನದಿಯ ತಳದ ತುಂಬ ಅಂಥವನ್ನು ಸಾಲುಸಾಲಾಗಿ ಹೂತಿಟ್ಟಂತೆ ಕಾಣುತ್ತದೆ.

ಮೊದಲು ದಿನ ಗೊತ್ತುಮಾಡಿ. ನಾವು ಮೊದಲ ಸಲ ಹೋದದ್ದು ಆಗಸ್ಟ್‌ನಲ್ಲಿ. ಕೆಂಪು ನೀರು ದಡದಿಂದ ದಡಕ್ಕೆ ತುಂಬಿ ಹರಿಯುತ್ತಿತ್ತು, ಒಂದು ಕುಳಿಯೂ ಕಾಣಲಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ನೀರು ಇಳಿದಿರುತ್ತದೆ, ಬಿಸಿಲೂ ತಡೆಯುವಷ್ಟಿರುತ್ತದೆ. ಚೈತ್ರದಲ್ಲಿ ಮಳಗಂಗಾ ದೇವಿಯ ಜಾತ್ರೆ. ದೇವಿಗೆ ಹೋಗುವವರಿಗೆ ಅದು ಒಳ್ಳೆಯ ಕಾಲ, ಕಲ್ಲು ನೋಡಲು ಹೋಗುವವರಿಗೆ ಅಲ್ಲ.

ಮಳೆಗಾಲ ಮುಗಿಯಿತೆಂದು ನಿಶ್ಚಿಂತರಾಗುವಂತಿಲ್ಲ. ಕುಕಡಿಗೆ ಮೇಲ್ಗಡೆ ಯೇಡಗಾವ್, ಮಾಣಿಕಡೋಹದಂಥ ಅಣೆಕಟ್ಟುಗಳಿವೆ. ಕೆಳಗಿನ ಹೊಲಗಳಿಗೆ ಸರದಿಯ ಮೇಲೆ ನೀರು ಬಿಟ್ಟಾಗ, ಆಕಾಶ ತಿಳಿಯಾಗಿದ್ದರೂ ಹೊಳೆ ಏರಬಹುದು. ಊರು ಮುಟ್ಟಿದ ಕೂಡಲೇ ದೇವಸ್ಥಾನದ ಬಳಿಯ ಕಾಯಿ-ಹೂವಿನ ಅಂಗಡಿಯಲ್ಲಿ ‘ಕಾಕಾ, ಪಾಣೀ ಸೋಡಲಂಯ ಕಾ?’ ಎಂದು ಕೇಳಿ. ನೀರು ಬಿಟ್ಟಿದ್ದಾರೆಯೇ ಎಂಬ ಈ ಒಂದು ಪ್ರಶ್ನೆ ಕೇಳದೆ ಕೆಳಗೆ ಇಳಿಯಬೇಡಿ.

ಬೆಳಿಗ್ಗೆ ಐದೂವರೆಗೆ ಮನೆ ಬಿಡಿ. ತಡವಾದರೆ ವಾಘೋಲಿಯ ವಾಹನದಟ್ಟಣೆಯಲ್ಲೇ ಬೆಳಗು ಕಳೆಯುತ್ತದೆ. ಅಹಿಲ್ಯಾನಗರಕ್ಕೆ (ಹಿಂದಿನ ಅಹಮದ್‌ನಗರ) ಹೋಗುವ ‘ನಗರ ರಸ್ತೆ’ಯಲ್ಲಿ ಶಿಕ್ರಾಪುರ, ರಾಂಜಣಗಾವ್ ದಾಟಿದರೆ ಶಿರೂರು. ರಾಂಜಣಗಾವ್ ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದು, ಗಣಪತಿಗೆ ಕೈಮುಗಿದು ಚಹಾ ಕುಡಿಯಲು ಸರಿಯಾದ ಜಾಗ. ಶಿರೂರಿನಿಂದ ಒಳದಾರಿ. ನದಿಯೇ ಇಲ್ಲಿ ಜಿಲ್ಲೆಯ ಗಡಿ: ಈಚೆಯ ಟಾಕಳಿ ಹಾಜಿ ಪುಣೆ ಜಿಲ್ಲೆಗೆ, ಆಚೆಯ ನಿಘೋಜ ಅಹಿಲ್ಯಾನಗರ ಜಿಲ್ಲೆಗೆ ಸೇರಿದ್ದು. ಬಸ್ಸಿನಲ್ಲಿ ಹೋಗುವವರು ಶಿರೂರಿನವರೆಗೆ ಎಸ್‌ಟಿ (ಸರ್ಕಾರಿ ಬಸ್ಸು) ಹಿಡಿದು, ಅಲ್ಲಿಂದ ವಾಪಸು ಬರುವ ಮಾತನ್ನೂ ಆಡಿ ಗಾಡಿ ಗೊತ್ತುಮಾಡಿಕೊಳ್ಳಿ.

ಬುತ್ತಿ ಮನೆಯಿಂದಲೇ ಇರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಕಟ್ಟಿಕೊಂಡರೆ ಕೆಡುವ ಭಯವಿಲ್ಲ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಬೇಕು. ಬಂಡೆಯ ಮೇಲೆ ನೆರಳೆಂಬುದಿಲ್ಲ, ಹನ್ನೊಂದರ ಹೊತ್ತಿಗೆ ಕರಿಗಲ್ಲು ಹಂಚಿನಂತೆ ಕಾಯುತ್ತದೆ.

ಇನ್ನು ನೋಡುವ ಬಗೆ. ಹೆಚ್ಚಿನವರು ನೆಟ್ಟಗೆ ಕಮರಿಯ ಅಂಚಿಗೆ ಹೋಗಿ, ಫೋಟೊ ತೆಗೆದು, ಅರ್ಧ ಗಂಟೆಯಲ್ಲಿ ಹಿಂದಿರುಗುತ್ತಾರೆ. ನೀವು ಹಾಗೆ ಮಾಡಬೇಡಿ. ದಡದ ಕಡೆಯ ಅಗಲ ಬಂಡೆಯಿಂದ ಆರಂಭಿಸಿ ನಿಧಾನವಾಗಿ ಒಳಗೆ ಸರಿಯಿರಿ. ಮೊದಲು ಸಿಗುವುದು ಅಂಗೈಯಷ್ಟು ತಗ್ಗುಗಳು. ಆಮೇಲೆ ಒರಳಿನಷ್ಟು ದೊಡ್ಡವು. ಅವುಗಳೊಳಗೆ ಬಗ್ಗಿ ನೋಡಿ, ಕೆಲವದರ ತಳದಲ್ಲಿ ನುಣುಪಾದ ಗುಂಡುಕಲ್ಲುಗಳು ಇನ್ನೂ ಕೂತಿವೆ. ಈ ಕೆಲಸ ಮಾಡಿದ್ದು ಅವೇ. ಪ್ರವಾಹದ ಸುಳಿಗೆ ಸಿಕ್ಕ ಕಲ್ಲುಗಳು ಇದ್ದಲ್ಲೇ ತಿರುಗುತ್ತ, ಒರಳಲ್ಲಿ ಗುಂಡು ತಿರುಗಿದಂತೆ ಬಂಡೆಯನ್ನು ಅರೆಯುತ್ತವೆ. ಬಂಡೆಯಾದರೋ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಡಿ ಆರಿದ ಲಾವಾ. ಅದರಲ್ಲಿ ಬಿರುಕು ಇದ್ದಲ್ಲಿ ಸುಳಿಗೆ ಮೊದಲ ಹಿಡಿತ ಸಿಗುತ್ತದೆ.

ಇನ್ನಷ್ಟು ಮುಂದೆ ಹೋದರೆ ಆಳೆತ್ತರದ ರಂಜಣಿಗೆಗಳು. ಕೆಲವು ಅಕ್ಕಪಕ್ಕ ಒತ್ತಿಕೊಂಡು, ನಡುವಿನ ಗೋಡೆ ತೆಳುವಾಗಿ, ಅದರಲ್ಲೊಂದು ಕಿಂಡಿ ಬಿದ್ದಿರುತ್ತದೆ. ಮತ್ತೆ ಕೆಲವೆಡೆ ಗೋಡೆಯೇ ಕುಸಿದು ಎರಡು ಕುಳಿ ಒಂದಾಗಿವೆ. ಹೀಗೆ ಕುಳಿಗೆ ಕುಳಿ ಕೂಡಿಕೊಂಡದ್ದೇ ಕೊನೆಗೆ ಕಮರಿ. ಅಂಗೈಯ ತಗ್ಗಿನಿಂದ ಕಮರಿಯವರೆಗಿನ ಎಲ್ಲ ಹಂತಗಳೂ ಕೆಲವೇ ಹೆಜ್ಜೆಗಳಲ್ಲಿ ಸಿಗುತ್ತವೆ. ಇಷ್ಟು ನೋಡಿದ ಮೇಲೆ ಅಂಚಿಗೆ ಬನ್ನಿ. ಎದುರಿನ ಗೋಡೆಯ ಬಾಗುಗಳೆಲ್ಲ ಒಡೆದ ಗುಡಾಣಗಳ ಹೊಟ್ಟೆಗಳೆಂದು ಆಗ ತಾನಾಗಿ ತಿಳಿಯುತ್ತದೆ. ನನಗೆ ಅದು ಹೊಳೆದ ಗಳಿಗೆ ಇನ್ನೂ ಮರೆತಿಲ್ಲ. ಗೆಳೆಯರನ್ನೆಲ್ಲ ಕೂಗಿ ಕರೆದು ತೋರಿಸಿದ್ದೆ.

ಅಂಚಿಗೆ ಎಂದರೆ ತುದಿಗೆ ಅಲ್ಲ, ಎರಡು ಮಾರು ಹಿಂದೆಯೇ ನಿಲ್ಲಿ. ಕಲ್ಲು ಹೊಳಪು ಕೊಟ್ಟಂತೆ ನುಣ್ಣಗಿದೆ, ಹಸಿಯಾದರೆ ಜಾರುತ್ತದೆ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ. ಈಜು ಬಲ್ಲವರೂ ನೀರಿಗೆ ಇಳಿಯಬಾರದು. ಕುಳಿಯ ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಬಿದ್ದವರಿಗೆ ಕೈ ಹಿಡಿಯಲು ಒಂದು ಮೂಲೆಯೂ ಸಿಗುವುದಿಲ್ಲ. ಮಕ್ಕಳನ್ನು ಕರೆದೊಯ್ದರೆ ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ದೊಡ್ಡವರು ಬೇಕು. ತಳದ ಗುಂಡುಕಲ್ಲುಗಳನ್ನು ನೆನಪಿಗೆಂದು ಎತ್ತಿಕೊಳ್ಳಬೇಡಿ, ಮುಂದಿನ ಮಳೆಗಾಲಕ್ಕೆ ಅವುಗಳ ಕೆಲಸ ಬಾಕಿಯಿದೆ.

ಊಟ ಮುಗಿಸಿ ಎರಡು ಗಂಟೆಯೊಳಗೆ ಹೊರಟರೆ ಸಂಜೆಯ ದಟ್ಟಣೆಗೆ ಮುಂಚೆ ಊರು ಸೇರಬಹುದು. ಮರಳುವಾಗ ಶಿರೂರಿನ ಬಳಿ ಘೋಡ್ ನದಿ ಕಾಣುತ್ತದೆ, ಕುಕಡಿ ಅದನ್ನೇ ಸೇರುವುದು. ಘೋಡ್ ಭೀಮೆಗೆ ಕೂಡಿ, ಉಜನಿ ಅಣೆಕಟ್ಟು ದಾಟಿ, ಪಂಢರಪುರದ ಮುಂದೆ ಹಾದು ಕರ್ನಾಟಕಕ್ಕೆ ಬರುತ್ತದೆ. ನಮ್ಮ ಗುಂಪಿನಲ್ಲಿ ಅಫಜಲಪುರದ ಗೆಳೆಯನೊಬ್ಬನಿದ್ದ. ಇದನ್ನು ಕೇಳಿದವನೇ ಗಾಡಿ ನಿಲ್ಲಿಸಿ ಕೆಳಗಿಳಿದ, ‘ಹಂಗಾದ್ರ ಇದು ನಮ್ಮೂರಿನ ನೀರs’ ಎಂದು ಬಹಳ ಹೊತ್ತು ಹೊಳೆ ನೋಡುತ್ತ ನಿಂತ.