ತೋಟಕ್ಕೆ ಲೋಟ ಹಿಡಿದು ಹೋದ ಕತೆ

ನೀರಾವರಿ ತರಬೇತಿಗೆ ಹೋಗ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ನಮ್ಮದು ಹೊಸನಗರ ತಾಲ್ಲೂಕು. ಆಷಾಢದಲ್ಲಿ ಒಗೆದು ಹಾಕಿದ ಬಟ್ಟೆ ವಾರವಾದರೂ ಒಣಗುವುದಿಲ್ಲ. "ಮಳೆ ನಿಲ್ಲಿಸೋದು ಹೆಂಗೆ ಅಂತ ಕಲಿಸ್ತಾರೇನೋ?" ಅಂತ ದೊಡ್ಡಪ್ಪ ಕೇಳಿದರು. ಆದರೆ ಜನವರಿ ಕಳೆದ ಮೇಲೆ ಇದೇ ಊರಿನಲ್ಲಿ ಅಡಿಕೆ ಮರದ ಬುಡ ಬಿರುಕು ಬಿಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆ ಕಡೆಯವರೂ ಬೇಸಿಗೆಯಲ್ಲಿ ಮೋಟಾರು ಓಡಿಸಲೇಬೇಕು.

ನಾನು ಹೋಗಿದ್ದಕ್ಕೆ ಕಾರಣ ನಮ್ಮ ತೋಟದ ಮೇಲಿನ ನಾಲ್ಕು ಸಾಲು. ಒಂದು ಎಕರೆ ತೋಟ, ಗುಡ್ಡದ ಇಳಿಜಾರಿನಲ್ಲಿದೆ. ಒಟ್ಟು 24 ಸಾಲು. ಕೆಳಗಿನ ಮರಗಳು ಕಪ್ಪು ಹಸಿರು. ಮೇಲಿನವು ಹಳದಿ, ಮಿಳ್ಳೆ (ಎಳೆಯ ಅಡಿಕೆಕಾಯಿ) ಉದುರುವುದೂ ಜಾಸ್ತಿ. ಒಬ್ಬರು ಗೊಬ್ಬರ ಸಾಲಲ್ಲ ಅಂದರು. ಇನ್ನೊಬ್ಬರು ಬೇರು ಹುಳ ಅಂದರು. ಸುಣ್ಣ ಹಾಕಿದೆವು, ಬೇವಿನ ಹಿಂಡಿ ಹಾಕಿದೆವು. ಡ್ರಿಪ್ (ಹನಿ ನೀರಾವರಿ) ಇದೆಯಲ್ಲ, ನೀರಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಪೈಪಿನ ಅಂಗಡಿಯವನೊಬ್ಬನೇ 5 ಎಚ್‌ಪಿ ಮೋಟಾರು ತೆಗೆದು 7.5 ಹಾಕಿಸಿ ಅಂದಿದ್ದ. ಅವನು ಎಲ್ಲರಿಗೂ ಅದನ್ನೇ ಹೇಳುತ್ತಾನೆ.

ತರಬೇತಿ ಇದ್ದಿದ್ದು ಶಿವಮೊಗ್ಗದಲ್ಲಿ, ಎಂಟು ದಿನ. ಬಂದವರಲ್ಲಿ ಹೆಚ್ಚಿನವರು ಪೈಪ್ ಫಿಟ್ಟಿಂಗ್ ಮಾಡುವ ಹುಡುಗರು. ಮೊದಲೆರಡು ದಿನ ಬರೀ ಪಾಠ, ಅದನ್ನು ಬಿಟ್ಟುಬಿಡೋಣ. ಮೂರನೇ ದಿನ ಮೇಷ್ಟ್ರು ಮೇಜಿನ ಮೇಲೆ ನಾಲ್ಕು ಸಾಮಾನು ಇಟ್ಟರು: ಅಳತೆ ಜಾಡಿ, ಸ್ಟಾಪ್‌ವಾಚು, ಪ್ರೆಶರ್ ಗೇಜು, ಗಾರೆ ಕೆಲಸದವರ ಲೆವೆಲ್ ಪೈಪು. "ಇಷ್ಟರಲ್ಲಿ ಯಾವ ತೋಟದ ಬಂಡವಾಳ ಬೇಕಾದರೂ ಹೊರಗೆ ಬರುತ್ತೆ" ಅಂದರು.

ಸ್ಪ್ರಿಂಕ್ಲರ್ ಅಳೆಯುವುದು ಹೀಗೆ. ನಾಲ್ಕು ಸ್ಪ್ರಿಂಕ್ಲರ್ ನಡುವಿನ ಜಾಗದಲ್ಲಿ ಒಂದೇ ಅಳತೆಯ ಡಬ್ಬಿಗಳನ್ನು ಚೌಕ ಚೌಕವಾಗಿ ಇಡಬೇಕು. ಒಂದು ಗಂಟೆ ಬಿಟ್ಟು, ಡಬ್ಬಿಯಲ್ಲಿ ಬಿದ್ದ ನೀರನ್ನು ಅಳೆಯಬೇಕು. ಡಬ್ಬಿಯ ಬಾಯಿ 10 ಸೆಂಟಿಮೀಟರ್ ಅಗಲ ಇದ್ದರೆ ಹೆಚ್ಚುಕಡಿಮೆ 8 ಮಿಲಿಲೀಟರಿಗೆ ಒಂದು ಮಿಲಿಮೀಟರ್ ಮಳೆ ಅಂತ ಲೆಕ್ಕ. ಗಾಳಿ ಇರುವಾಗ ಅಳೆದರೆ ಲೆಕ್ಕ ಕೆಡುತ್ತದೆ. ಅಡಿಕೆ ತೋಟದಲ್ಲಾದರೆ ಮರಗಳೇ ಅಡ್ಡ ಬರುತ್ತವೆ.

ನನಗೆ ಬೇಕಾಗಿದ್ದು ಡ್ರಿಪ್. ಸಾಲುಗಳಲ್ಲಿ ಮೊದಲನೆಯದು, ಮೂರನೇ ಒಂದು ಭಾಗದಲ್ಲಿರುವುದು, ಮೂರನೇ ಎರಡು ಭಾಗದಲ್ಲಿರುವುದು, ಕೊನೆಯದು, ಹೀಗೆ ನಾಲ್ಕನ್ನು ಆರಿಸಬೇಕು. ಒಂದೊಂದು ಸಾಲಿನಲ್ಲೂ ಅದೇ ರೀತಿ ನಾಲ್ಕು ಡ್ರಿಪ್ಪರ್. ಒಟ್ಟು 16 ಕಡೆ ನೀರು ಹಿಡಿಯುವುದು. ಎಲ್ಲ ಕೂಡಿಸಿ ಸರಾಸರಿ ತೆಗೆಯಬೇಕು. ಆಮೇಲೆ ಅತಿ ಕಡಿಮೆ ಬಂದ ನಾಲ್ಕರ ಸರಾಸರಿಯನ್ನು ಒಟ್ಟು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ನೀರು ಎಲ್ಲ ಕಡೆ ಎಷ್ಟು ಸಮನಾಗಿ ಬೀಳುತ್ತದೆ ಅನ್ನುವುದಕ್ಕೆ ಇದೇ ಅಂಕ. 90ರ ಮೇಲೆ ಬಂದರೆ ಬಹಳ ಒಳ್ಳೆಯದು. 80ರ ಮೇಲೆ ಒಳ್ಳೆಯದು. 70ಕ್ಕಿಂತ ಕೆಳಗೆ ಬಂದರೆ ರಿಪೇರಿಗೆ ಕೈ ಹಾಕಲೇಬೇಕು.

ಅಭ್ಯಾಸಕ್ಕೆ ನಮ್ಮನ್ನು ಶಿಕಾರಿಪುರದ ಕಡೆ ಕರೆದುಕೊಂಡು ಹೋದರು. ಅಲ್ಲಿ ಹಾಸಿದ ಚಾಪೆಯಂಥ ಜಮೀನು. 92 ಬಂತು. ಎಲ್ಲರಿಗೂ ಖುಷಿ. ಆದರೆ ಪಾಸಾಗಬೇಕಾದರೆ ಒಬ್ಬೊಬ್ಬರೂ ಒಂದು ತೋಟ ಪೂರ್ತಿ ಅಳೆದು ವರದಿ ಕೊಡಬೇಕಿತ್ತು. ನಾನು ಮನೆಗೆ ಬಂದೆ.

ಮೊದಲ ಸಲ ಅಳೆದಿದ್ದು ದಂಡವಾಯಿತು. ಅಳೆಯುವ ದಿನ ಅಂತ ಬೆಳಿಗ್ಗೆ ಎದ್ದು ಫಿಲ್ಟರ್ ತಿಕ್ಕಿ ತೊಳೆದೆ, ಪೈಪಿನ ತುದಿಗಳನ್ನೆಲ್ಲ ಬಿಚ್ಚಿ ಕೆಸರು ಬಿಟ್ಟೆ. ನೆಂಟರು ಬರ್ತಾರೆ ಅಂತ ಮನೆ ಗುಡಿಸಿದ ಹಾಗೆ. ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದರೆ ಬೈದರು. "ದಿನಾ ಹೆಂಗೆ ಓಡುತ್ತೋ ಹಂಗೇ ಅಳೀಬೇಕು. ನೀನು ಅಳೆದಿದ್ದು ತೊಳೆದ ಫಿಲ್ಟರನ್ನ, ತೋಟವನ್ನಲ್ಲ." ನಮ್ಮದು ಕಬ್ಬಿಣದ ಅಂಶ ಇರುವ ಬೋರ್‌ವೆಲ್ ನೀರು. ಬಕೆಟಿನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆಗೆ ತಳದಲ್ಲಿ ಕೆಂಪು ಕೂತಿರುತ್ತದೆ. ಹದಿನೈದು ದಿನ ಕಾದೆ. ಫಿಲ್ಟರ್ ಮತ್ತೆ ಎಂದಿನ ಸ್ಥಿತಿಗೆ ಬಂತು. ಫಿಲ್ಟರಿನ ಮುಂಚೆ ಪ್ರೆಶರ್ 2.4 ಕೆಜಿ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅಂತ ಲೆಕ್ಕ), ದಾಟಿದ ಮೇಲೆ 1.7. ಫಿಲ್ಟರೇ 0.7 ನುಂಗುತ್ತಿತ್ತು. 0.5 ದಾಟಿದರೆ ತೊಳೆಯಬೇಕು ಅನ್ನುವುದು ಪಾಠ. ನಾವು ನೆನಪಾದಾಗ ತೊಳೆಯುತ್ತಿದ್ದೆವು, ಅಂದರೆ ಯುಗಾದಿಗೊಮ್ಮೆ.

ಎರಡನೇ ಸಲ ಸರಿಯಾಗಿ ಶುರುಮಾಡಿದೆ. ಮೋಟಾರು ಹಾಕಿದ ಕೂಡಲೇ ಅಳೆಯಬಾರದು. ಇಳಿಜಾರಿನಲ್ಲಿ ಮೇಲಿನ ಪೈಪು ತುಂಬಿ ಗೇಜಿನ ಮುಳ್ಳು ನಿಲ್ಲುವವರೆಗೆ ಕಾಯಬೇಕು. ನನಗೆ ಹತ್ತು ನಿಮಿಷ ಹಿಡಿಯಿತು. ದರಗು (ಒಣ ಎಲೆ) ಸರಿಸಿ, ಡ್ರಿಪ್ಪರಿನ ಕೆಳಗೆ ಸಣ್ಣ ಗುಂಡಿ ತೋಡಿ, ಸ್ಟೀಲ್ ಲೋಟ ಇಟ್ಟು ಮೂರು ನಿಮಿಷ ಹಿಡಿದೆ. ನಮ್ಮದು ಗಂಟೆಗೆ 8 ಲೀಟರಿನ ಡ್ರಿಪ್ಪರ್, ಮರಕ್ಕೆ ಎರಡು. ಮೂರು ನಿಮಿಷಕ್ಕೆ 400 ಮಿಲಿಲೀಟರ್ ಬರಬೇಕು. ದೊಡ್ಡಪ್ಪ ಕವಳ ಹಾಕಿಕೊಂಡು ನೋಡುತ್ತ ನಿಂತಿದ್ದರು. "ಎಂತದೋ ಮಾರಾಯ, ತೋಟಕ್ಕೆ ಲೋಟ ಇಟ್ಕೊಂಡು ಕೂತಿದೀಯಲ್ಲ!"

ಎಲ್ಲಕ್ಕಿಂತ ಕೆಳಗಿರುವ ಮೊದಲನೇ ಸಾಲಿನಲ್ಲಿ ಬಂದಿದ್ದು 510, 500, 490, 480. ಎಂಟನೇ ಸಾಲಿನಲ್ಲಿ 450ರಿಂದ 420. ಹದಿನಾರರಲ್ಲಿ 370, 360, 340, 330. ಇಪ್ಪತ್ತನಾಲ್ಕಕ್ಕೆ ಹೋದರೆ 280, 250, 190, 160. ಕೊನೆಯದನ್ನು ನಂಬಲಾಗದೆ ಎರಡು ಸಲ ಹಿಡಿದೆ. ಅಷ್ಟೇ ಬಂತು. ಒಟ್ಟು ಸರಾಸರಿ 375, ಕಡಿಮೆ ಬಂದ ನಾಲ್ಕರ ಸರಾಸರಿ 220. ಲೆಕ್ಕ ಹಾಕಿದರೆ 59!

ಒಂದು ಗಂಟೆ ಮೋಟಾರು ಓಡಿಸಿದರೆ ಕೆಳಗಿನ ಮರಕ್ಕೆ 20 ಲೀಟರ್ ಸಿಗುತ್ತಿತ್ತು. ಮೇಲಿನ ತುದಿಯ ಮರಕ್ಕೆ ಆರೂವರೆ ಲೀಟರೂ ಇಲ್ಲ. ಡ್ರಿಪ್ಪಿನಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಮೇಲೆ ಒಣಗಿದೆ ಅಂತ ನಾವು ಎರಡು ಗಂಟೆ ಓಡಿಸುತ್ತಿದ್ದೆವು. ಆಗ ಕೆಳಗೆ 40, ಮೇಲೆ 13. ದರಗು ಸರಿಸಿ ಕೈಯಿಟ್ಟರೆ ಎರಡು ಕಡೆಯೂ ಒದ್ದೆಯೇ. ಹಾಗಾಗಿ ಇಷ್ಟು ವರ್ಷ ಗೊತ್ತಾಗಲಿಲ್ಲ.

ಕಾರಣ ಹುಡುಕುವುದು ಸುಲಭವಾಯಿತು. ಲೆವೆಲ್ ಪೈಪು ಹಿಡಿದು ಏರು ಅಳೆದೆ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ 9 ಮೀಟರ್ ಎತ್ತರ. ಹತ್ತು ಮೀಟರ್ ಏರಿದರೆ ಹೆಚ್ಚುಕಡಿಮೆ ಒಂದು ಕೆಜಿ ಪ್ರೆಶರ್ ಹೋಗುತ್ತದೆ. ಕೆಳಗಿನ ಸಾಲಿನಲ್ಲಿ 1.6 ಇದ್ದಿದ್ದು ಮೇಲೆ ಅರ್ಧ ಕೆಜಿಗೆ ಬಂದಿತ್ತು. 280 ಮತ್ತು 250ಕ್ಕೆ ಅದು ಸಾಕಷ್ಟು ಕಾರಣ. 190, 160ಕ್ಕೆ ಮಾತ್ರ ಬೇರೆ ಕಾರಣ ಇರಲೇಬೇಕು. ಆ ಡ್ರಿಪ್ಪರ್ ಬಿಚ್ಚಿ ನೋಡಿದೆ. ಒಳಗೆ ಕೆಂಪು ಲೋಳೆ. ಪ್ರೆಶರ್ ಕಡಿಮೆ ಇದ್ದಲ್ಲಿ ನೀರು ನಿಧಾನ, ನಿಧಾನ ಇದ್ದಲ್ಲಿ ಲೋಳೆ ಬೇಗ ಕೂರುತ್ತದೆ. ಸಾಲದ್ದಕ್ಕೆ, ಮೋಟಾರು ನಿಲ್ಲಿಸಿದ ಮೇಲೆ ಮೇಲಿನ ಪೈಪಿನಲ್ಲಿ ಉಳಿದ ನೀರೂ ಇಳಿದು ಬಂದು ಕೆಳಗಿನ ಡ್ರಿಪ್ಪರಿನಲ್ಲಿ ಇಪ್ಪತ್ತು ನಿಮಿಷ ತೊಟ್ಟಿಕ್ಕುತ್ತಿತ್ತು. ಇದು ನನ್ನ ಲೋಟದ ಲೆಕ್ಕಕ್ಕೆ ಸೇರಿಲ್ಲ.

ರಿಪೇರಿ ದೊಡ್ಡದೇನಲ್ಲ. ಮೇನ್ ಪೈಪಿಗೆ ಎರಡು ವಾಲ್ವ್ ಹಾಕಿ ತೋಟವನ್ನು ಮೇಲಿನ 12, ಕೆಳಗಿನ 12 ಅಂತ ಎರಡು ಮಾಡಿದೆ. ಮೇಲಿನ ಭಾಗ ಒಂದನ್ನೇ ಓಡಿಸಿದರೆ ಮೋಟಾರಿನ ಪೂರ್ತಿ ಪ್ರೆಶರ್ ಅದಕ್ಕೇ. ಕೆಳಗಿನದಕ್ಕೆ ವಾಲ್ವ್ ಅರ್ಧ ತಿರುಗಿಸಿದರೆ ಸಾಕು. ಮೇಲಿನ ನಾಲ್ಕು ಸಾಲಿಗೆ ಪಿ.ಸಿ. ಡ್ರಿಪ್ಪರ್ ಹಾಕಿದೆ, ಪ್ರೆಶರ್ ಸ್ವಲ್ಪ ಹೆಚ್ಚುಕಡಿಮೆ ಆದರೂ ಅದು ಒಂದೇ ಸಮ ಬಿಡುತ್ತದೆ. ಆದರೆ ವಾಲ್ವ್ ಹಾಕದೆ ಬರೀ ಪಿ.ಸಿ. ಹಾಕಿದ್ದರೆ ದುಡ್ಡು ದಂಡ. ಅರ್ಧ ಕೆಜಿ ಪ್ರೆಶರಿನಲ್ಲಿ ಅದೂ ಸರಿಯಾಗಿ ಕೆಲಸ ಮಾಡುವುದು ಅನುಮಾನ. ಉಳಿದ ಸಾಲುಗಳಿಗೆ ಆಸಿಡ್ ಕೊಟ್ಟು ತೊಳೆದೆ. ಇಲ್ಲಿ ಎರಡು ಮಾತು ಕಿವಿಯಲ್ಲಿ ಇಟ್ಟುಕೊಳ್ಳಿ: ನೀರಿಗೆ ಆಸಿಡ್ ಹಾಕಬೇಕು, ಆಸಿಡಿಗೆ ನೀರು ಹಾಕಬಾರದು. ಲೋಳೆಗೆ ಬ್ಲೀಚಿಂಗ್ ಬಳಸುವವರಿದ್ದಾರೆ, ಅದನ್ನೂ ಆಸಿಡನ್ನೂ ಒಟ್ಟಿಗೆ ಸೇರಿಸಿದರೆ ವಿಷದ ಗಾಳಿ ಏಳುತ್ತದೆ. ಹೊಸ ಮೋಟಾರು ತರಲಿಲ್ಲ. ಅಂಗಡಿಯವನು ಈಗಲೂ ಮುಖ ಊದಿಸಿಕೊಂಡಿದ್ದಾನೆ.

ಮತ್ತೆ ಅಳೆದಾಗ ಸರಾಸರಿ 405, ಕಡಿಮೆ ನಾಲ್ಕರದ್ದು 350. ಅಂದರೆ 86. ಶಿಕಾರಿಪುರದ 92 ಈ ಗುಡ್ಡದಲ್ಲಿ ಬರುವುದಿಲ್ಲ, ನನಗೆ ಅದರ ಆಸೆಯೂ ಇಲ್ಲ. ಅಡಿಕೆ ಜಾಸ್ತಿ ಆಯ್ತಾ ಅಂತ ಕೇಳುವವರಿದ್ದಾರೆ. ಹಳದಿ ಕಡಿಮೆಯಾಗಿದೆ, ಅಷ್ಟೇ ಹೇಳಬಲ್ಲೆ. ಫಸಲಿನ ಲೆಕ್ಕಕ್ಕೆ ಇನ್ನೂ ಎರಡು ಕೊಯ್ಲು ನೋಡಬೇಕು. ಈಗ ಒಂದೊಂದು ಭಾಗಕ್ಕೆ ಒಂದು ಗಂಟೆ. ಮೋಟಾರು ಓಡುವುದು ಮೊದಲಿನಂತೆ ಎರಡೇ ಗಂಟೆ, ಆದರೆ ಎಲ್ಲ ಮರಕ್ಕೂ ಸಾಕಾಗುತ್ತಿದೆ.

ಒಂದು ವಿಷಯಕ್ಕೆ ಮಾತ್ರ ದೊಡ್ಡಪ್ಪನಿಗೆ ನನ್ನ ಮೇಲೆ ಸಿಟ್ಟಿದೆ. ನಮ್ಮ ತೋಟದ ಕೆಳಗಿನ ಬಸಿಗಾಲುವೆಯಲ್ಲಿ ಮಾರ್ಚಿನಲ್ಲೂ ಸಣ್ಣಗೆ ನೀರು ಹರಿಯುತ್ತಿತ್ತು. ಅದು ಒರತೆ ಅಂತ ಅವರು ಊರಿಗೆಲ್ಲ ಹೇಳಿಕೊಂಡಿದ್ದರು, ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ವಾಲ್ವ್ ಹಾಕಿ ಎರಡು ವಾರಕ್ಕೆ ಆ ಒರತೆ ನಿಂತುಹೋಯಿತು.

"ಲೋಟದಲ್ಲಿ ಅಳೆದು ಅಳೆದು ಬತ್ತಿಸಿಬಿಟ್ಟೆಯಲ್ಲೋ" ಅನ್ನುತ್ತಾರೆ.