ಮನೆ ಸಾಲದ ಜೊತೆ ಅಂಟಿಸಿದ ವಿಮೆ: ದೂರು ಕೊಡುವುದು ಹೇಗೆ?

ಬಡ್ಡಿ ಕಡಿಮೆಯೆಂದು ಮನೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಲು ಹೊರಟಾಗಲೇ ಅನೇಕರಿಗೆ ಹಳೇ ಸ್ಟೇಟ್‌ಮೆಂಟಿನ ಆ ಸಾಲು ಕಾಣುವುದು: ವಿಮಾ ಪ್ರೀಮಿಯಂ. ಸಾಲಗಾರ ತೀರಿಕೊಂಡರೆ ಸಾಲ ತೀರಿಸಲೆಂದು ಮಾಡಿಸುವ ಜೀವ ವಿಮೆಯದು. ಸಾಲ ಬಿಡುಗಡೆಯಾದ ದಿನವೇ ಇಡೀ ಮೊತ್ತವನ್ನು ಸಾಲಕ್ಕೇ ಸೇರಿಸಿರುತ್ತಾರೆ. ಒಂದು ಲಕ್ಷದ ಪ್ರೀಮಿಯಂ, ಶೇ 8.5 ಬಡ್ಡಿ, 20 ವರ್ಷ ಎಂದರೆ ತಿಂಗಳಿಗೆ ಸುಮಾರು 868 ರೂಪಾಯಿ. ಕೊನೆಗೆ ನೀವು ಕಟ್ಟಿದ್ದು 2.08 ಲಕ್ಷ. ಇದು ಗೊತ್ತಾದ ಕೂಡಲೇ ಬ್ರಾಂಚಿಗೆ ನುಗ್ಗಿ ಮ್ಯಾನೇಜರ್ ಜೊತೆ ಜಗಳವಾಡುವವರೇ ಹೆಚ್ಚು. ಸಾಲ ಕೊಟ್ಟ ಮ್ಯಾನೇಜರ್ ಎಂದೋ ವರ್ಗವಾಗಿ ಹೋಗಿರುತ್ತಾರೆ.

ಮೊದಲು ಕಾಗದ ಕೇಳಿ, ದೂರು ಆಮೇಲೆ. ಮಂಜೂರಾತಿ ಪತ್ರ, ಮೊದಲ ದಿನದಿಂದ ಸ್ಟೇಟ್‌ಮೆಂಟ್, ವಿಮೆಯ ಅರ್ಜಿ ಫಾರಂ, ವಿಮಾ ಪ್ರಮಾಣಪತ್ರ. ಇಂಥ ವಿಮೆ ಹೆಚ್ಚಾಗಿ ಗುಂಪು ವಿಮೆ. ಮೂಲ ಪಾಲಿಸಿ ಬ್ಯಾಂಕಿನ ಹೆಸರಲ್ಲಿರುತ್ತದೆ. ‘ಪಾಲಿಸಿ ಬಾಂಡ್ ಕೊಡಿ’ ಎಂದರೆ ‘ಇಲ್ಲ’ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಪ್ರಮಾಣಪತ್ರ ಎಂದೇ ಕೇಳಿ.

ಜನ ಎಡವುವುದು ಮುಂದಿನ ಹಂತದಲ್ಲಿ. ‘ಹೇಳದೆ ಕೇಳದೆ ಮಾರಿದರು’ ಎಂದು ಒಂದು ಸಾಲು ಬರೆದರೆ ‘ನೀವೇ ಸಹಿ ಹಾಕಿದ್ದೀರಿ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಫಾರಂ ಹಿಡಿದು ನಿಧಾನವಾಗಿ ಓದಿ. ಸಹಿ ನಿಮ್ಮದೇನಾ? ಅದರಲ್ಲಿರುವ ಮೊಬೈಲ್ ನಂಬರ್, ಇಮೇಲ್ ನಿಮ್ಮದೋ ಏಜೆಂಟನದೋ? ಆಗಲೇ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದವರ ಫಾರಂನಲ್ಲಿ ಆರೋಗ್ಯದ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಎಂದು ಟಿಕ್ ಬಿದ್ದಿದೆಯಾ? ಸಾಲ 20 ವರ್ಷದ್ದು, ವಿಮೆ ಐದೇ ವರ್ಷದ್ದಾ? ಗಂಡ ಹೆಂಡತಿ ಇಬ್ಬರ ಸಂಬಳ ನೋಡಿ ಸಾಲ ಕೊಟ್ಟು, ವಿಮೆ ಒಬ್ಬರಿಗೆ ಮಾತ್ರ ಮಾಡಿಸಿದ್ದಾರಾ? ಸಿಕ್ಕಿದ್ದನ್ನೆಲ್ಲ ತಾರೀಖು, ಮೊತ್ತದ ಸಮೇತ ಬೇರೆ ಬೇರೆ ಅಂಶವಾಗಿ ಬರೆಯಿರಿ. ಸಹಿ ನಿಮ್ಮದೇ ಆಗಿದ್ದರೂ ಕೈಚೆಲ್ಲಬೇಡಿ: ವಿಮೆ ಮಾಡಿಸಿದರೆ ಮಾತ್ರ ಸಾಲ ಎಂದು ಬ್ಯಾಂಕು ಒತ್ತಾಯಿಸುವಂತಿಲ್ಲ. ಆದರೆ ಬೆಂಕಿ, ಪ್ರವಾಹಕ್ಕೆಂದು ಕಟ್ಟಡಕ್ಕೆ ಮಾಡಿಸುವ ವಿಮೆ ಬೇರೆ. ಸಾಲದ ಕರಾರಿನಲ್ಲೇ ಅದರ ಷರತ್ತು ಇರುತ್ತದೆ, ದುಡ್ಡೂ ಕಡಿಮೆ. ಅದನ್ನು ಈ ದೂರಿಗೆ ಎಳೆಯಬೇಡಿ.

ಹಳೇ ಸಾಲವಾದ್ದರಿಂದ ‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?’ ಎಂದು ಕೇಳಿಯೇ ಕೇಳುತ್ತಾರೆ. ವಿಷಯ ಯಾವತ್ತು, ಹೇಗೆ ತಿಳಿಯಿತು ಎಂದು ಪತ್ರದಲ್ಲೇ ಬರೆಯಿರಿ. ಬೇಡವಾದ ಪಾಲಿಸಿ ಹಿಂದಿರುಗಿಸಲು ಮೊದಲು 15 ದಿನ ಕೊಡುತ್ತಿದ್ದರು, ಈಗ 30. ಲೆಕ್ಕ ಶುರುವಾಗುವುದು ಕಾಗದ ಕೈಸೇರಿದ ದಿನದಿಂದ. ಪ್ರಮಾಣಪತ್ರ ಬಂದೇ ಇಲ್ಲವೆಂದರೆ ಅದೇ ನಿಮ್ಮ ಗಟ್ಟಿ ವಾದ. ಕೇಳುವುದು ಎರಡೇ ಇರಲಿ: ಪ್ರೀಮಿಯಂ ವಾಪಸು, ಅದರ ಮೇಲೆ ಕಟ್ಟಿದ ಬಡ್ಡಿ. ಮಾನಸಿಕ ಯಾತನೆಗೆ ಐದು ಲಕ್ಷ ಎಂದು ಸೇರಿಸಿದರೆ ಪತ್ರದ ತೂಕ ಇಳಿಯುತ್ತದೆ.

ಪತ್ರ ವಿಮಾ ಕಂಪನಿಯ ದೂರು ಅಧಿಕಾರಿಗೆ, ಪ್ರತಿ ಬ್ಯಾಂಕಿಗೆ. ಇಮೇಲ್ ಸಾಲದು, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ಜಾಲತಾಣವಾದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಬಹುದು. ಅಲ್ಲಿಂದ ದೂರು ಹೋಗುವುದು ಅದೇ ಕಂಪನಿಗೆ, ಆದರೆ ಕೈಯಲ್ಲೊಂದು ನಂಬರ್ ಇರುತ್ತದೆ.

ತಿಂಗಳಾದರೂ ಉತ್ತರವಿಲ್ಲ, ಅಥವಾ ‘ಆಗುವುದಿಲ್ಲ’ ಎಂದರೆ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ) ಕಚೇರಿ ಇದೆ. ಕಂಪನಿ ‘ಆಗುವುದಿಲ್ಲ’ ಎಂದ ದಿನದಿಂದ, ಉತ್ತರವೇ ಬರದಿದ್ದರೆ ಆ ತಿಂಗಳು ಮುಗಿದ ದಿನದಿಂದ, ಒಂದು ವರ್ಷದೊಳಗೆ ದೂರು ಕೊಡಬೇಕು. ಶುಲ್ಕವಿಲ್ಲ, ವಕೀಲರಿಗೆ ಅವಕಾಶವಿಲ್ಲ, 50 ಲಕ್ಷದವರೆಗೆ ಪರಿಹಾರ ಕೊಡಿಸಬಹುದು. ಹಾಗಾಗಿ ‘ಶೇ 20 ಕಮಿಷನ್ ಕೊಡಿ, ದುಡ್ಡು ವಾಪಸು ಕೊಡಿಸುತ್ತೇವೆ’ ಎಂದು ಫೋನ್ ಮಾಡುವವರನ್ನು ಅಲ್ಲೇ ಕಟ್ ಮಾಡಿ. ಗ್ರಾಹಕರ ಆಯೋಗಕ್ಕೂ ಹೋಗಬಹುದು, ಅಲ್ಲಿನ ಗಡುವು ಎರಡು ವರ್ಷ. ತಡವಾದರೆ ತಕ್ಕ ಕಾರಣ ತೋರಿಸಬೇಕು. ಅಲ್ಲಿ ಕೇಸು ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ನಿಮ್ಮ ದೂರು ಮುಟ್ಟುವುದಿಲ್ಲ. ನಾನಂತೂ ಮೊದಲು ಜೆ.ಪಿ. ನಗರ ಎನ್ನುತ್ತೇನೆ. ಬ್ಯಾಂಕಿನದೇ ತಪ್ಪಿದ್ದು, 30 ದಿನದಲ್ಲಿ ಅದು ಸರಿಪಡಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ.

ನಡುವೆ ಕಂಪನಿಯವರು ‘ಸರೆಂಡರ್ ಮೌಲ್ಯ ಕೊಡುತ್ತೇವೆ, ಇಲ್ಲಿ ಸಹಿ ಹಾಕಿ’ ಎಂದು ಫಾರಂ ಕಳಿಸಬಹುದು. ಸರೆಂಡರ್ ಮೌಲ್ಯ ಎಂದರೆ ಪಾಲಿಸಿಯನ್ನು ನಡುವೆಯೇ ಬಿಟ್ಟರೆ ಸಿಗುವ ದುಡ್ಡು. ಅದು ಕಟ್ಟಿದ ಪ್ರೀಮಿಯಂಗಿಂತ ಕಡಿಮೆಯೇ. ‘ಪೂರ್ಣ ಮತ್ತು ಅಂತಿಮ ತೀರುವಳಿ’ ಎಂಬ ಮಾತು ಅದರಲ್ಲಿದ್ದರೆ ಸಹಿ ಹಾಕದೆ ವಾಪಸು ಕಳಿಸಿ.